ತಪಕೀರ್ ಗಲ್ಲಿಯ ಮೀಟರು

ಪುಣೆಯ ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ ತೊಂಬತ್ತರ ದಶಕದಲ್ಲಿ ಕಾಲಿಟ್ಟವರ ಮೂಗಿಗೆ ಮೊದಲು ಬಡಿಯುತ್ತಿದ್ದುದು ಬೆಸುಗೆಯ ರಾಳದ ಹೊಗೆ. ಟ್ರಾನ್ಸ್‌ಫಾರ್ಮರು, ಸ್ಪೀಕರು, ಕೆಪ್ಯಾಸಿಟರುಗಳನ್ನು ಬಿಡಿಬಿಡಿಯಾಗಿ ಕೊಂಡು ಆಂಪ್ಲಿಫೈಯರ್ ಕಟ್ಟಿಸಿಕೊಳ್ಳುವ ಗಿರಾಕಿಗಳಲ್ಲಿ ವಿಜಾಪುರ, ಗುಲ್ಬರ್ಗಾ ಕಡೆಯವರೂ ಇರುತ್ತಿದ್ದರು. ರಿಪೇರಿಯವರ ಮೇಜಿನ ಮೇಲೆ ಮಲ್ಟಿಮೀಟರ್ ಸದಾ ತೆರೆದಿರುತ್ತಿತ್ತು. ಮಾಲಿನ ಯೋಗ್ಯತೆ ಗಿರಾಕಿಯ ಕಣ್ಣೆದುರೇ ತೀರ್ಮಾನವಾಗುತ್ತಿತ್ತು.

ಆಗ ದೊಡ್ಡ ತಕರಾರು ಎಂದರೆ ಪಿಎಂಪಿಒ, ಅಂದರೆ ತಯಾರಕರು ಹೇಳಿಕೊಳ್ಳುತ್ತಿದ್ದ ಗರಿಷ್ಠ ಶಕ್ತಿಯ ಅಂಕಿ. ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ರೇಡಿಯೋ-ಕ್ಯಾಸೆಟ್ ಟೂ-ಇನ್-ಒನ್‌ಗಳ ಡಬ್ಬಿಯ ಮೇಲೂ ಸಾವಿರ ವ್ಯಾಟ್ ಎಂದು ಅಚ್ಚಾಗಿರುತ್ತಿತ್ತು. ಆ ಅಂಕಿಯನ್ನು ಅಳೆಯುವ ಒಪ್ಪಿತ ವಿಧಾನವೇ ಇರಲಿಲ್ಲ. ಅದನ್ನೇ ನಂಬಿ ಕೊಂಡು ತಂದ ಹುಡುಗನಿಗೂ ಗಲ್ಲಿಯಲ್ಲಿ ಕೂತ ಕನ್ನಡದ ರಿಪೇರಿಗಾರರಿಗೂ ಆಗುತ್ತಿದ್ದ ಮಾತು ಹೆಚ್ಚುಕಡಿಮೆ ಹೀಗೇ ಇರುತ್ತಿತ್ತು:

“ಕಾಕಾ, ಡಬ್ಬಿ ಮ್ಯಾಲ ಸಾವಿರ ವ್ಯಾಟ್ ಅಂತ ಬರದಾರಲ್ರೀ?”

“ತಮ್ಮಾ, ಹಿಂದ ಹೊಳ್ಳಿಸಿ ನೋಡು. ಕರೆಂಟ್ ತಿನ್ನೂದ ಹದಿನೈದು ವ್ಯಾಟ್. ಹದಿನೈದು ತಿಂದು ಸಾವಿರ ಎಲ್ಲಿಂದ ಕೊಡತೈತಿ?”

ಮಾತಿಗೆ ಒಪ್ಪದಿದ್ದರೆ ಪರೀಕ್ಷೆಯೇ ಗತಿ. ಸ್ಪೀಕರ್ ಕಳಚಿ ಅದರ ಜಾಗದಲ್ಲಿ 8 ಓಮಿನ ದಪ್ಪ ರೆಸಿಸ್ಟರ್ ಕಟ್ಟಿ, 1 ಕಿಲೋಹರ್ಟ್ಸ್ ನಾದ ಕೊಟ್ಟು, ಆಸಿಲೋಸ್ಕೋಪಿನಲ್ಲಿ ಅಲೆಯ ನೆತ್ತಿ ಚಪ್ಪಟೆಯಾಗುವ ತನಕ ವಾಲ್ಯೂಮ್ ಏರಿಸುತ್ತಿದ್ದರು. ಚಪ್ಪಟೆಯಾಗುವ ಮುಂಚೆ ಮೀಟರು 4 ವೋಲ್ಟ್ ತೋರಿಸಿದರೆ ನಿಜವಾದ ಶಕ್ತಿ 2 ವ್ಯಾಟ್. ಅಮೆರಿಕದಲ್ಲಿ ಮನೆಬಳಕೆಯ ಆಂಪ್ಲಿಫೈಯರುಗಳ ಶಕ್ತಿಯನ್ನು ಅಳೆದೇ ಹೇಳಬೇಕೆಂಬ ನಿಯಮ 1974ರಲ್ಲೇ ಬಂದಿತ್ತು. ಇಲ್ಲಿ ಆ ಕೆಲಸ ಗಲ್ಲಿಯ ಮೇಜಿಗೆ ಬಿದ್ದಿತ್ತು, ಅದನ್ನು ಅವರು ನಿಷ್ಠೆಯಿಂದ ಮಾಡಿದರು.

ಆಮೇಲೆ ಸೀಲು ಮಾಡಿದ ಪೊಟ್ಟಣಗಳ ಕಾಲ ಬಂತು. ಚಿನ್ನದ ಲೇಪದ ಪ್ಲಗ್ಗು, ಆಮ್ಲಜನಕವಿಲ್ಲದ ತಾಮ್ರ, ಹೆಬ್ಬೆರಳು ದಪ್ಪದ ಪವರ್ ಕಾರ್ಡು. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ ಎಂಬುದು ನಿಜ. ಅದರಿಂದ ದನಿ ಸಿಹಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಪವರ್ ಕಾರ್ಡಿನ ಮಾತು ಇನ್ನೂ ದುರ್ಬಲ. ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ಗೋಡೆಯ ಸಾಕೆಟ್‌ವರೆಗೆ ಸಾಧಾರಣ ತಂತಿಯಲ್ಲೇ ಹರಿದು ಬಂದ ಕರೆಂಟು ಕೊನೆಯ ಒಂದೂವರೆ ಮೀಟರಿನಲ್ಲಿ ಶುದ್ಧವಾಗುವುದು ಹೇಗೆ?

ಸ್ಪೀಕರ್ ವೈರಿನ ಲೆಕ್ಕವನ್ನಂತೂ ಯಾರು ಬೇಕಾದರೂ ಮಾಡಬಹುದು. ಸಾಮಾನ್ಯ ಮಲ್ಟಿಮೀಟರಿಗೆ ಇಷ್ಟು ಕಡಿಮೆ ರೋಧ ಸರಿಯಾಗಿ ಸಿಗದು, ಅದರ ಪಿನ್ನಿನ ತಂತಿಗಳ ರೋಧವೇ ಅಡ್ಡ ಬರುತ್ತದೆ. ಅದಕ್ಕೆ ವೈರಿನಲ್ಲಿ 1 ಆಂಪಿಯರ್ ಹರಿಸಿ, ಅದರ ಎರಡು ತುದಿಗಳ ನಡುವಿನ ಮಿಲಿವೋಲ್ಟ್ ಓದಬೇಕು. 1 ಚದರ ಮಿಲಿಮೀಟರಿನ ತಾಮ್ರದ ವೈರು 3 ಮೀಟರ್ ಇದ್ದರೆ ಹೋಗಿಬರುವ ದಾರಿ 6 ಮೀಟರ್, ಓದು ಸುಮಾರು 100 ಮಿಲಿವೋಲ್ಟ್, ಅಂದರೆ 0.1 ಓಮ್. 8 ಓಮಿನ ಸ್ಪೀಕರಿಗೆ ಇದರಿಂದಾಗುವ ನಷ್ಟ ಸುಮಾರು 0.1 ಡೆಸಿಬೆಲ್. ಇಷ್ಟನ್ನು ತಗ್ಗಿಸಲು ಸಾವಿರಾರು ರೂಪಾಯಿ ಸುರಿಯುವುದು ಸಂಗೀತಪ್ರಿಯರಿಗೆ ಆಗುವ ಅನ್ಯಾಯ. ಅದೇ ದುಡ್ಡು ಒಳ್ಳೆಯ ಸ್ಪೀಕರಿಗೆ ಹೋಗಬೇಕಿತ್ತು. 2007ರಲ್ಲಿ, ಅದ್ಭುತದ ಹೇಳಿಕೆಗಳನ್ನು ಪರೀಕ್ಷೆಗೊಡ್ಡುತ್ತಿದ್ದ ಜಾದೂಗಾರ ಜೇಮ್ಸ್ ರ‍್ಯಾಂಡಿ, 7,250 ಡಾಲರ್ ಬೆಲೆಯ ಸ್ಪೀಕರ್ ಕೇಬಲನ್ನು ಸಾಧಾರಣ ಕೇಬಲಿನಿಂದ ಕಿವಿಯಲ್ಲೇ ಬೇರೆಮಾಡಿ ತೋರಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವೆನೆಂದು ಸವಾಲು ಹಾಕಿದ್ದರು. ಆ ಪರೀಕ್ಷೆ ನಡೆಯಲೇ ಇಲ್ಲ.

ಹಾಗೆಂದು ವೈರೆಲ್ಲ ಒಂದೇ ಅನ್ನುವುದೂ ತಪ್ಪು. ಗಣೇಶೋತ್ಸವದ ಮಂಟಪಕ್ಕೆ, ಭೀಮಸೇನ ಜೋಶಿಯವರು 1953ರಲ್ಲಿ ಗುರುಗಳ ನೆನಪಿಗೆ ಆರಂಭಿಸಿದ ಸವಾಯಿ ಗಂಧರ್ವ ಉತ್ಸವದಂಥ ದೊಡ್ಡ ಬಯಲಿಗೆ ಬೇಕಾಗುವ ಉದ್ದವೇ ಬೇರೆ. ಅದೇ ವೈರನ್ನು 30 ಮೀಟರ್ ಎಳೆದರೆ ರೋಧ 1 ಓಮ್ ದಾಟುತ್ತದೆ. 4 ಓಮಿನ ಸ್ಪೀಕರ್ ಕಟ್ಟಿದರೆ ಆಂಪ್ಲಿಫೈಯರ್ ಕೊಟ್ಟ ಶಕ್ತಿಯ ಐದರಲ್ಲೊಂದು ಪಾಲು ವೈರಿನಲ್ಲೇ ಬಿಸಿಯಾಗಿ ಹೋಗುತ್ತದೆ. ಅದು ತಾಮ್ರ ಮೆತ್ತಿದ ಅಲ್ಯೂಮಿನಿಯಂ ಆಗಿದ್ದರೆ ನಷ್ಟ ಸುಮಾರು ಶೇಕಡಾ 29. ಹೊರಗಿನಿಂದ ನೋಡಿದರೆ ಎರಡೂ ಕೆಂಪೇ. ಬ್ಲೇಡಿನಲ್ಲಿ ಕೆರೆದಾಗ ಒಳಗೆ ಬೆಳ್ಳಗೆ ಕಾಣುತ್ತದೆ, ಕೈಗೆ ಹಗುರ, ಮಿಲಿವೋಲ್ಟ್ ಒಂದೂವರೆ ಪಟ್ಟಿಗಿಂತ ಹೆಚ್ಚು. ಗಣೇಶೋತ್ಸವ ಮಂಡಳಗಳಿಗೆ ಸೌಂಡ್ ಹಾಕುವವರಿಗೆ ನಿಜವಾದ ಮೋಸ ಆಗುವುದು ಇಲ್ಲಿ.

ಈಗ ಗಲ್ಲಿಯಲ್ಲಿ ಎಲ್‌ಇಡಿ ಮಾಲೆ, ಮೊಬೈಲ್ ಸಾಮಾನಿನ ಅಂಗಡಿಗಳು ಕಿಕ್ಕಿರಿದಿವೆ, ಬೆಸುಗೆಯ ಮೇಜುಗಳು ವಿರಳ. ಪರೀಕ್ಷೆಯ ಸಾಧನ ಮಾತ್ರ ಹಿಂದೆಂದಿಗಿಂತ ಅಗ್ಗ. ಯುಎಸ್‌ಬಿ ಸೌಂಡ್ ಕಾರ್ಡು, ಲ್ಯಾಪ್‌ಟಾಪು ಇರುವ ಇಂಜಿನಿಯರಿಂಗ್ ಹುಡುಗರು ಒಂದೇ ಹಾಡನ್ನು ಎರಡು ಕೇಬಲಿನಲ್ಲಿ ಹಾಯಿಸಿ ರೆಕಾರ್ಡ್ ಮಾಡುತ್ತಾರೆ. ಎರಡನ್ನೂ ಕಾಲ ಹೊಂದಿಸಿ, ಒಂದನ್ನು ತಲೆಕೆಳಗು ಮಾಡಿ ಕೂಡಿಸುತ್ತಾರೆ. ಕೇಬಲುಗಳ ನಡುವೆ ವ್ಯತ್ಯಾಸವಿದ್ದರೆ ಅದು ಉಳಿದು ಕೇಳಿಸಬೇಕು. ಉಳಿಯುವುದು ಸೌಂಡ್ ಕಾರ್ಡಿನದೇ ಸಣ್ಣ ಗುಂಯ್‌ಗುಟ್ಟುವಿಕೆ ಮಾತ್ರವಾದರೆ, ಅವರು ಅಗ್ಗದ ಕೇಬಲನ್ನೇ ಇಟ್ಟುಕೊಂಡು ದುಬಾರಿಯದನ್ನು ಅಂಗಡಿಗೆ ವಾಪಸು ಒಯ್ಯುತ್ತಾರೆ.