ನೆಟ್ ಹತ್ತಿರದ ಚೆಂಡು

ಸೋದರಿಯರೇ, ಟೇಬಲ್ ಟೆನಿಸ್‌ನಲ್ಲಿ ನನ್ನಂಥ ನಲವತ್ತು ದಾಟಿದವರನ್ನು ಕಾಡುವುದು ಜೋರಾಗಿ ಬರುವ ಚೆಂಡಲ್ಲ, ನೆಟ್ ಹತ್ತಿರವೇ ಮೆತ್ತಗೆ ಬೀಳುವ ಚೆಂಡು. ಅಡಿ ಸವರಿ ಕಳಿಸಿದ್ದರಿಂದ ಅದು ಹಿಮ್ಮುಖವಾಗಿ ತಿರುಗುತ್ತಿರುತ್ತದೆ. ಬ್ಯಾಟು ನೇರ ಹಿಡಿದು ಮುಟ್ಟಿದಿರೋ, ಸೀದಾ ನೆಟ್ಟಿಗೇ! ಕೈ ಚಾಚಿದರೆ ಸಾಲದು, ಬಲಗಾಲು ಮೇಜಿನ ಕೆಳಗೆ ಹೋಗಬೇಕು. ಚೆಂಡು ಪುಟಿದೇಳುವಾಗಲೇ ಬ್ಯಾಟಿನ ಮುಖ ತುಸು ಮೇಲಕ್ಕೆ ಮಾಡಿ, ದೋಸೆಯ ಕೆಳಗೆ ಸಟ್ಟುಗ ತೂರಿಸಿದ ಹಾಗೆ ಮೆಲ್ಲಗೆ ತಳ್ಳಿ. ಕೂಡಲೇ ಹಿಂದೆ ಸರಿಯಿರಿ.

ಸಿರುಗುಪ್ಪದ ಹೈಸ್ಕೂಲಿನಲ್ಲಿ ಹಿಡಿದ ಬ್ಯಾಟು, ಕುರುಗೋಡಿಗೆ ಸೊಸೆಯಾಗಿ ಬಂದ ಮೇಲೆ ಟ್ರಂಕು ಸೇರಿತ್ತು. ಈಗ ಬಳ್ಳಾರಿಯಲ್ಲಿ ಮಗಳ ಜೊತೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿನಾ ಒಂದು ಗಂಟೆ ಆಡುತ್ತೇನೆ. ಆ ಗಂಟೆ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಲಕ್ಸೆಂಬರ್ಗಿನ ನೀ ಶಿಯಾಲಿಯಾನ್ 61ನೇ ವಯಸ್ಸಿನಲ್ಲಿ ಪಂದ್ಯ ಗೆದ್ದರೆಂದು ಅತ್ತೆಯವರಿಗೆ ಹೇಳಿದೆ.

“ಅಕಿ ಮನ್ಯಾಗ ಅಡಿಗಿ ಯಾರು ಮಾಡ್ತಾರವ್ವಾ?” ಅಂದರು.