ಖಾಲಿ ಕುರ್ಚಿಯ ಲೆಕ್ಕ

ಕೇಂದ್ರ ಸರಕಾರದ ಗುಮಾಸ್ತರಾದ ನಮಗೆ ವರ್ಗಾವಣೆ ಎಂಬ ಮಾತು ಕೇಳಿದರೇ ಎದೆ ಧಸಕ್ಕೆನ್ನುತ್ತದೆ. ಗಿಡದ ಒಡಲಲ್ಲೂ ಹೀಗೆ ಜಾಗ ಬದಲಿಸುವವು ಇವೆಯೆಂದು ಬಿ.ಎಸ್ಸಿ.ಯಲ್ಲಿ ಓದಿದ್ದೆವು. ಟ್ರಾನ್ಸ್‌ಪೋಸಾನ್ ಎಂದು ಅವುಗಳ ಹೆಸರು. ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುವ ವಂಶವಾಹಿ ತುಣುಕುಗಳು.

ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದಲ್ಲಿ ಮೆಕ್ಕೆಜೋಳದ ಕಾಳಿನ ಚುಕ್ಕೆಗಳನ್ನು ನೋಡಿ ಇವನ್ನು ಕಂಡುಹಿಡಿದರು. ಬಣ್ಣದ ಜೀನ್‌ನೊಳಗೆ ಇಂಥದೊಂದು ಬಂದು ಕೂತರೆ ಬಣ್ಣ ನಿಲ್ಲುತ್ತದೆ. ಕಾಳು ಬೆಳೆಯುವಾಗ ಯಾವುದೋ ಜೀವಕೋಶದಲ್ಲಿ ಅದು ಎದ್ದು ಹೋದರೆ ಅಲ್ಲಿ ಮತ್ತೆ ಬಣ್ಣ ಮೂಡುತ್ತದೆ. ಅದೇ ಚುಕ್ಕೆ. ಲೋಕ ಒಪ್ಪಲು ತಡವಾಯಿತು. 1983ರಲ್ಲಿ ನೊಬೆಲ್ ಬಂದಾಗ ಅವರಿಗೆ 81 ವರ್ಷ.

ಅಷ್ಟು ದೂರವೇಕೆ? ನಮ್ಮ ಸಾಂತಾಕ್ರೂಜ್‌ನ ರಗಡಾದ ಬಟಾಣಿ ಒಣಗಿದರೂ ದುಂಡಗಿರುತ್ತದೆ. ಹಸಿಯಾಗಿ ತಿನ್ನುವ ಸಿಹಿ ಬಟಾಣಿ ಬಹುಮಟ್ಟಿಗೆ ಒಣಗಿದರೆ ಸುಕ್ಕಾಗುವ ಜಾತಿಯದು. 1866ರಲ್ಲಿ ಮೆಂಡೆಲ್ ಬರೆದದ್ದು ಈ ಸುಕ್ಕಿನ ಬಗೆಗೂ ಹೌದು. ಕಾರಣ ತಿಳಿದದ್ದು 1990ರಲ್ಲಿ, ಇಂಗ್ಲೆಂಡಿನ ನಾರಿಚ್‌ನಲ್ಲಿ. ಪಿಷ್ಟಕ್ಕೆ ಕವಲೊಡೆಸುವ ಕಿಣ್ವದ ಜೀನ್‌ನಲ್ಲಿ ಸುಮಾರು 800 ಅಕ್ಷರಗಳ ಇಂಥ ತುಣುಕು ಸೇರಿಕೊಂಡಿತ್ತು. ಹಾಗಾಗಿ ಪಿಷ್ಟ ಕಡಿಮೆ, ಸಕ್ಕರೆ ಹೆಚ್ಚು, ಜೊತೆಗೆ ನೀರೂ ಹೆಚ್ಚು; ಒಣಗಿದಾಗ ಸುಕ್ಕು.

ವಿಜ್ಞಾನಿಗಳು ಇದನ್ನೇ ಉಪಾಯವಾಗಿಸಿಕೊಂಡರು. ಭತ್ತ, ಮೆಕ್ಕೆಜೋಳಗಳಲ್ಲಿ ತುಣುಕು ಬೇರೆ ಬೇರೆ ಕಡೆ ಕೂತ ಸಾವಿರಾರು ಗಿಡಗಳನ್ನು ಬೆಳೆಸುತ್ತಾರೆ. ತುಣುಕಿನ ಅಕ್ಷರಗಳು ಗೊತ್ತಿರುವುದರಿಂದ, ಫೈಲಿನಲ್ಲಿ ಇಟ್ಟ ಗುರುತಿನ ಚೀಟಿಯಂತೆ, ಅದು ಕೆಟ್ಟ ಜೀನ್ ಯಾವುದೆಂದು ತೋರಿಸುತ್ತದೆ. ಗಿಡಕ್ಕೆ ಏನು ಕೊರತೆಯಾಯಿತೋ ಅದೇ ಆ ಜೀನ್‌ನ ಕೆಲಸದ ಸುಳಿವು.

ಆದರೆ ಎಷ್ಟೋ ಸಲ ಜೀನ್ ಕೆಟ್ಟರೂ ಗಿಡ ಹಸುರಾಗಿಯೇ ನಿಂತಿರುತ್ತದೆ. ಹಾಗೆಂದು ಆ ಜೀನ್ ನಿಷ್ಪ್ರಯೋಜಕವೆಂದು ಬರೆಯುವಂತಿಲ್ಲ. ಅದರ ಕೆಲಸವನ್ನು ದಾಯಾದಿ ಜೀನ್ ಒಂದು ಹೊತ್ತುಕೊಂಡಿರಬಹುದು. ಎರಡೂ ಕೆಟ್ಟಾಗಲೇ ನಿಜ ಹೊರಬೀಳುವುದು.

ಈ ಎಚ್ಚರ ಕಚೇರಿಗಳಿಗೂ ಬೇಕು. ನಮ್ಮ ವಿಭಾಗದಲ್ಲಿ ಇಬ್ಬರು ನಿವೃತ್ತರಾದರು, ಜಾಗ ತುಂಬಲಿಲ್ಲ. ಕೆಲಸವೇನೂ ನಿಂತಿಲ್ಲವಲ್ಲ, ಆ ಹುದ್ದೆಗಳೇಕೆ ಎಂದರು ಮೇಲಿನವರು. ನಿಂತಿಲ್ಲ, ನಿಜ. ಉಳಿದ ಮೂವರು ರಾತ್ರಿ ಎಂಟರ ಲೋಕಲ್ ಹಿಡಿಯುತ್ತಿದ್ದೇವೆ.

ಮನೆಗಳಲ್ಲೂ ಹೀಗೆಯೇ. ನಮ್ಮ ತಾಯಿ ತೀರಿಕೊಂಡ ಮೇಲೆ ಒಂದು ದಿನವೂ ಒಲೆ ಆರಲಿಲ್ಲ, ಮಕ್ಕಳ ಡಬ್ಬಿ ತಪ್ಪಲಿಲ್ಲ. ಮೊದಲು ಐದೂವರೆಗೆ ಏಳುತ್ತಿದ್ದ ಮನೆಯಾಕೆ ಈಗ ನಾಲ್ಕೂವರೆಗೆ ಏಳುತ್ತಾಳೆ.