ದಿಡ್ಡಳ್ಳಿಯಲ್ಲಿ ಒಂದು ರಾತ್ರಿ

2016ರ ಡಿಸೆಂಬರ್ 7, ಬುಧವಾರ. ಹೊತ್ತು ಮುಳುಗಿದೆ. ನೀವು ದಕ್ಷಿಣ ಕೊಡಗಿನ ಮಾಲ್ದಾರೆ ಪಂಚಾಯಿತಿಯ ದಿಡ್ಡಳ್ಳಿಯಲ್ಲಿ ನಿಂತಿದ್ದೀರಿ. ಕಾಲಬುಡದಲ್ಲಿ ಮುರಿದ ಬಿದಿರು ಗಳ, ಹರಿದ ಟಾರ್ಪಾಲು, ನೆಗ್ಗಿದ ಅಲ್ಯುಮಿನಿಯಂ ಪಾತ್ರೆ. ಇವೆಲ್ಲ ಕೂಡಿ ಬೆಳಿಗ್ಗೆ ಒಂದು ಮನೆ ಆಗಿತ್ತು. ಅರಣ್ಯ ಇಲಾಖೆಯವರು ಪೊಲೀಸರನ್ನು ಕಟ್ಟಿಕೊಂಡು ಬಂದು ಕೆಡವಿ ಹೋಗಿದ್ದಾರೆ. ಬೀದಿಗೆ ಬಿದ್ದದ್ದು 577 ಕುಟುಂಬ: ಯರವರು, ಜೇನುಕುರುಬರು, ಇತರ ಆದಿವಾಸಿಗಳು. ಬೀದಿ ಅನ್ನುವುದೂ ಮಾತಿಗೆ ಮಾತ್ರ. ಇಲ್ಲಿರುವುದು ಮರ, ಮಂಜು, ಆನೆದಾರಿ.

ತಲೆಯ ಮೇಲೆ ಅರ್ಧ ಚಂದ್ರ. ನಡುರಾತ್ರಿಗೆ ಅದೂ ಮುಳುಗುತ್ತದೆ. ಅಷ್ಟರೊಳಗೆ ಸೌದೆ ಒಟ್ಟಿಕೊಳ್ಳಬೇಕು.

ಕೊಡಗಿನ ಡಿಸೆಂಬರ್ ಚಳಿ ಪ್ರವಾಸಿಗರಿಗೆ ಸೊಗಸು. ರೆಸಾರ್ಟಿನವರು ಅದಕ್ಕೇ ದುಡ್ಡು ಎಣಿಸಿಕೊಳ್ಳುತ್ತಾರೆ. ಸೂರಿಲ್ಲದೆ ಒದ್ದೆ ನೆಲದ ಮೇಲೆ ಕೂತವರಿಗೆ ಅದು ಬೇರೆಯೇ ಚಳಿ: ಮೊದಲು ಅಂಗಾಲಿಗೆ ಹತ್ತಿ, ಮೊಣಕಾಲಿಗೆ ಏರಿ, ಕೊನೆಗೆ ಬೆನ್ನುಹುರಿಯಲ್ಲಿ ಕೂರುತ್ತದೆ. ಎಲೆಯಿಂದ ಎಲೆಗೆ ಇಬ್ಬನಿ ತೊಟ್ಟಿಕ್ಕುವುದು ಕೇಳಿ ಮಳೆ ಬಂತೇನೋ ಎಂದು ನೀವು ತಲೆ ಎತ್ತುತ್ತೀರಿ. ಪಕ್ಕದಲ್ಲಿದ್ದ ಅಜ್ಜಿ ಎತ್ತುವುದಿಲ್ಲ.

ಆಕೆ ಬೆಂಕಿ ಹಾಕುವುದನ್ನು ನೋಡಿ. ಒಣ ಬಿದಿರ ಸಿಪ್ಪೆ ಅಡಿಗೆ, ಅದರ ಮೇಲೆ ಪುಳ್ಳೆ, ಎಲ್ಲಕ್ಕಿಂತ ಮೇಲೆ ದಪ್ಪ ಕೊರಡು. ಕೊರಡಿನ ತುದಿ ಮಾತ್ರ ಬೆಂಕಿಯಲ್ಲಿರುತ್ತದೆ. ಸುಟ್ಟಂತೆಲ್ಲ ಒಳಗೆ ತಳ್ಳಿದರಾಯಿತು, ಬೆಳಗಿನವರೆಗೂ ಆರುವುದಿಲ್ಲ. ಹಸಿ ಕಡ್ಡಿಯನ್ನು ಪಕ್ಕದಲ್ಲಿ ಒಣಗಲು ಇಟ್ಟಿದ್ದಾಳೆ. ಮಕ್ಕಳನ್ನು ನಡುವೆ ಹಾಕಿ ದೊಡ್ಡವರು ಬೆಂಕಿಯ ಕಡೆ ಕಾಲು ಚಾಚಿ ಸುತ್ತ ಮಲಗುತ್ತಾರೆ. ಗೋಣಿಚೀಲವೇ ಹೊದಿಕೆ. ಪಾತ್ರೆಯಲ್ಲಿ ಬೆಲ್ಲದ ಕಾಫಿ ಕುದಿಯುತ್ತಿದೆ. ನಿಮಗೂ ಒಂದು ಲೋಟ ಬಂತು. ಮನೆ ಕಳೆದುಕೊಂಡವರು ಅತಿಥಿಗೆ ಕೊಡುವುದನ್ನು ಬಿಟ್ಟಿಲ್ಲ.

ಬಿದಿರ ಗಣ್ಣು ಬೆಂಕಿಯಲ್ಲಿ ಢಬ್ ಎಂದು ಸಿಡಿಯುತ್ತದೆ. ನೀವು ಬೆಚ್ಚುತ್ತೀರಿ. ಹೆದರಬೇಕಾದ ಸದ್ದು ಬೇರೆ ಇದೆ. ನಾಯಿಗಳು ಬೊಗಳುವುದನ್ನು ನಿಲ್ಲಿಸಿವೆ. ದೂರದಲ್ಲಿ ಕೊಂಬೆ ಮುರಿದ ಸದ್ದು, ಸ್ವಲ್ಪ ಬಿಟ್ಟು ಇನ್ನೊಂದು. ಗದ್ದೆಯಲ್ಲಿ ಭತ್ತ ಮಾಗುವ ಈ ದಿನಗಳಲ್ಲಿ ಆನೆಗಳಿಗೆ ಕಾಡೂ ಒಂದೇ, ಊರೂ ಒಂದೇ. ಗಂಡಸರು ಕೊರಡನ್ನು ಇನ್ನಷ್ಟು ಒಳಕ್ಕೆ ತಳ್ಳಿ ಸುಮ್ಮನೆ ಕಿವಿಗೊಡುತ್ತಾರೆ. ಯಾರೂ ಓಡುವುದಿಲ್ಲ. ಕೊಂಬೆಯ ಸದ್ದು ನಿಧಾನವಾಗಿ ಪಕ್ಕಕ್ಕೆ ಸರಿಯುತ್ತದೆ.

ಇವರಿಗೆ ಬದುಕುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹಾಡಿ ಎನ್ನುವ ತಮ್ಮ ನೆಲೆ ಕಳೆದುಕೊಂಡದ್ದೂ ಇದೇ ಮೊದಲಲ್ಲ. ನಾಗರಹೊಳೆಯ ಕಾಡು ಅಭಯಾರಣ್ಯವಾಗಿ, ರಾಷ್ಟ್ರೀಯ ಉದ್ಯಾನವಾಗಿ ಬೆಳೆದ ದಶಕಗಳಲ್ಲಿ ಕಾಡು ಬಿಟ್ಟ ಎಷ್ಟೋ ಮಂದಿ ಬಂದು ಸೇರಿದ್ದು ಕಾಫಿ ತೋಟದ ಲೈನ್ ಮನೆಗೆ. ಕೆಲಸ ಇರುವವರೆಗೆ ಮನೆ. ಮುಂಗಡದ ಸಾಲ ತೀರುವವರೆಗೆ ಕೆಲಸ. ಅಲ್ಲಿಂದ ಎದ್ದು, ನಮ್ಮದೂ ಅಂತ ಒಂದು ಗುಡಿಸಲು ಇರಲಿ ಎಂದು ದಿಡ್ಡಳ್ಳಿಗೆ ಬಂದವರು ಇವರಲ್ಲಿ ಬಹಳ ಜನ. ಇದು ಪೈಸಾರಿ, ಎಂದರೆ ಅರಣ್ಯವಲ್ಲದ ಸರ್ಕಾರಿ ಜಾಗ, ಎನ್ನುತ್ತಾರೆ ಇವರು. ಮೀಸಲು ಅರಣ್ಯ, ಒತ್ತುವರಿ, ಬಂದದ್ದೂ ಈಚೆಗೆ ಎನ್ನುತ್ತದೆ ಇಲಾಖೆ.

ಈ ರಾತ್ರಿ ಆ ವಾದ ಕೇಳುವವರೂ ಕಡಿಮೆ. ಜಯಲಲಿತಾ ತೀರಿಕೊಂಡು ಎರಡು ದಿನ, ಟಿವಿ ತುಂಬ ಚೆನ್ನೈ. ನೋಟು ರದ್ದಾಗಿ ತಿಂಗಳು ತುಂಬುತ್ತಿದೆ, ಪೇಟೆಯವರೆಲ್ಲ ಎಟಿಎಂ ಮುಂದೆ ನಿಂತಿದ್ದಾರೆ. ಲೋಕವೇ ಕುಸಿಯಿತು ಎಂದು ಅವರು ಗೋಳಾಡುತ್ತಿರುವಾಗ ನಿಜವಾಗಿ ಕುಸಿದದ್ದು ಇಲ್ಲಿ.

ಚಂದ್ರ ಮುಳುಗಿದ. ಮಗುವೊಂದು ಕೆಮ್ಮುತ್ತಿದೆ.

ಬೆಳಗಿನ ಮಂಜಿನಲ್ಲಿ ಹತ್ತು ಮಾರು ಆಚೆಯ ಮರ ಕಾಣುವುದಿಲ್ಲ. ಜನ ಆಗಲೇ ಎದ್ದಿದ್ದಾರೆ. ಹರಿದ ಟಾರ್ಪಾಲಿಗೆ ಗಂಟು ಹಾಕಿ, ಮುರಿದ ಗಳವನ್ನೇ ಮತ್ತೆ ಕವೆಗೆ ಕೂರಿಸುತ್ತಿದ್ದಾರೆ. ರಸ್ತೆಯಲ್ಲಿ ತೋಟಕ್ಕೆ ಆಳು ಹತ್ತಿಸಿಕೊಳ್ಳುವ ಜೀಪು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು. ಕೊಯ್ಲಿನ ಕಾಲದಲ್ಲಿ ಇದೇ ಕೈಗಳು ಬೇಕು. ಆ ಕೈಗಳು ರಾತ್ರಿ ಎಲ್ಲಿ ಮಲಗಿದ್ದವು ಎಂದು ಜೀಪಿನವನು ಕೇಳುವುದಿಲ್ಲ.

ಇಲ್ಲಿಂದ ಮುಂದಿನದು ಪತ್ರಿಕೆಗಳಲ್ಲಿ ಬಂದ ಕತೆ. ದಿಡ್ಡಳ್ಳಿ ಜಾಗ ಬಿಡಲಿಲ್ಲ, ಧರಣಿ ನಡೆಯಿತು. ಕೊಡಗಿನ ವಕೀಲ, ರಾಜಕಾರಣಿ ಎ.ಕೆ. ಸುಬ್ಬಯ್ಯ ಬೆನ್ನಿಗೆ ನಿಂತರು, ಇಳಿವಯಸ್ಸಿನ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ ಬಂದರು. ಕಡೆಗೆ ಸರ್ಕಾರ ಕುಶಾಲನಗರದ ಹತ್ತಿರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನೆಲೆ ಕೊಟ್ಟಿತು. ಸೂರು ಸಿಕ್ಕಿತು, ಕಾಡು ದೂರವಾಯಿತು. 2025ರ ಮೇ ತಿಂಗಳಲ್ಲಿ ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ 52 ಜೇನುಕುರುಬ ಕುಟುಂಬಗಳು ಹಿರಿಯರ ಜಾಗವೆಂದು ಮರಳಿ ಹೋದಾಗಲೂ ಎದುರಿಗೆ ನಿಂತದ್ದು ಅದೇ ಇಲಾಖೆ.

2006ರ ಅರಣ್ಯ ಹಕ್ಕು ಕಾಯ್ದೆಯ 4(5)ನೇ ಸೆಕ್ಷನ್ ಪ್ರಕಾರ, ಹಕ್ಕಿನ ಪರಿಶೀಲನೆ ಮುಗಿಯುವ ತನಕ ಕಾಡಿನ ನೆಲದಲ್ಲಿರುವ ಆದಿವಾಸಿಯನ್ನು ಎಬ್ಬಿಸುವಂತಿಲ್ಲ. ಆ ಪರಿಶೀಲನೆ ಶುರುವಾಗಬೇಕಾದದ್ದು ಗ್ರಾಮಸಭೆಯಲ್ಲಿ. ದಿಡ್ಡಳ್ಳಿಯವರು ಅರ್ಹರೋ ಅಲ್ಲವೋ ಎಂಬುದನ್ನು ಅಲ್ಲಿ ಕೂತು ತೀರ್ಮಾನಿಸಬೇಕಿತ್ತು, ಗುಡಿಸಲು ಕೆಡವುವ ಮೊದಲು.